ಎಣಿಕೆ

ನವೆಂಬರ್ ಕೊನೆಗೆ ವಾರ್ಡೋದಲ್ಲಿ
ಸೂರ್ಯ ಅಂಗಡಿ ಮುಚ್ಚಿದ.
ಮರುದಿನ ಸುಲ್‌ಫ್ರಿಡ್ ಬಂದಳು, ಹತ್ತನೇ ವಾರ,
ಚೀಲ ಬೋರಲು ಹಾಕಿದಳು ನನ್ನ ಮೇಜಿನ ಮೇಲೆ:
ಗೆಳತಿ ಕೊಟ್ಟದ್ದು, ಅಕ್ಕ ಕಳಿಸಿದ್ದು,
ಕೂದಲಿಗೆಂದು ತಾನೇ ಕೊಂಡದ್ದು.
‘ಎಲ್ಲಾ ಒಳ್ಳೇದಕ್ಕೇ ಅಲ್ವಾ?’

ಇಬ್ಬರೂ ಕೂತು ಸಣ್ಣಕ್ಷರ ಓದಿದೆವು.
ಮೂರರಲ್ಲೂ ಅದೇ ‘ಎ’,
ಮೂರು ಅಂಗಿ ತೊಟ್ಟು ಬಂದ ಒಬ್ಬನೇ ನೆಂಟ.
ಫೋಲೇಟ್ ಇರಲಿ. ಡಿ ಬೇಕು, ಈ ಕತ್ತಲಿಗೆ.
ಕಬ್ಬಿಣ, ರಕ್ತ ಏನನ್ನುತ್ತದೋ ನೋಡಿ;
ಕಾಫಿಯ ಜೊತೆಗಂತೂ ಬೇಡ.
ಉಳಿದದ್ದೆಲ್ಲ ಔಷಧಿ ಅಂಗಡಿಗೆ ವಾಪಸ್.

‘ಮತ್ತೆ ಅತ್ತೆ?’ ಎಂದಳು ಮೆಲ್ಲಗೆ.

ಅತ್ತೆ ಗುಡ್ಲೌಗ್ ಜನವರಿಯಲ್ಲಿ ತಾನೇ ಬಂದಳು,
ಕಾಡ್ ಮೀನಿನ ಈಲಿ ಬೇಯಿಸಿದ ಪಾತ್ರೆ ಸಮೇತ.
‘ನಾಲ್ವರನ್ನು ಹೆತ್ತೆ, ಇದನ್ನು ತಿಂದೇ.
ಆಗ ಯಾರು ಎಣಿಸಿದ್ದರು?’

ಯಾರೂ ಎಣಿಸಿರಲಿಲ್ಲ.
ಅದನ್ನೇ ಹೇಳಿದೆ.

ಬಹಳ ಹೊತ್ತು ಮುಚ್ಚಳ ತಿರುವುತ್ತಿದ್ದಳು.
‘ಐದು ಬಸಿರು,’ ಎಂದಳು ಕೊನೆಗೆ.

ಇದರಿಂದಲ್ಲ, ಎಂದುಬಿಟ್ಟೆ.
ನನಗೆ ಗೊತ್ತಿರಲಿಲ್ಲ.

ಪಾತ್ರೆ ಅಲ್ಲೇ ಬಿಟ್ಟು ಹೋದಳು.
ಮಧ್ಯಾಹ್ನ ನಾನೇ ತಿಂದೆ, ಒಣ ಬ್ರೆಡ್ಡಿಗೆ ಹಚ್ಚಿಕೊಂಡು.
ನನಗೀಗ ಅರವತ್ತು.
ಉಪ್ಪು ಒಂದು ಚಿಟಿಕೆ ಹೆಚ್ಚಾಗಿತ್ತು.