ಕಬ್ಬಿಣ ಹೊರಗಿಟ್ಟು ಬನ್ನಿ

ಬಿದಿಯಾ ಊರಿನ ಕಡೆಯ ಖರ್ಜೂರದ ಸಾಲು ದಾಟಿದರೆ
ಮುಂದೆ ಬರೀ ಮರಳು,
ಮರಳಿನ ಅಂಚಿಗೆ ನಮ್ಮ ಹಲಗೆಯ ಕೋಣೆ.
ಅದರ ಮೊಳೆಗಳೂ ಹಿತ್ತಾಳೆಯವು.
ಬಾಗಿಲ ಮೇಲೆ ಮೂರು ಭಾಷೆಯಲ್ಲಿ ಬರೆದಿದೆ:
ಕಬ್ಬಿಣ ಹೊರಗಿಟ್ಟು ಬನ್ನಿ.
ಕೆಳಗೆ ಸೀಮೆಸುಣ್ಣದಲ್ಲಿ ಕನ್ನಡದ್ದು ನಾನು ಗೀಚಿದ್ದು.
ಓದುವವನೂ ನಾನೊಬ್ಬನೇ.

ಸಂಡೂರಿನ ಹುಲುಗಪ್ಪ ನಾನು.
ಬಿಳಿ ಅಂಗಿ ಒಗೆದು ಹಾಕಿದರೆ ಒಣಗುವುದರೊಳಗೆ
ಕೆಂಪಗಾಗುವ ಓಣಿಯವನು.
ಲಾರಿಗಟ್ಟಲೆ ಅದಿರು ತುಂಬಿದ ಇದೇ ಕೈ
ಈಗ ಸಕ್ಕರೆ ಅಚ್ಚಿನಷ್ಟು ಡಬ್ಬಿಗೆ
ಹಿತ್ತಾಳೆ ಚಮಚದಲ್ಲಿ ಮರಳು ತುಂಬುತ್ತದೆ,
ಕೂಸಿಗೆ ಗಂಜಿ ಕುಡಿಸಿದ ಹಾಗೆ.

ತುರಯ್ಯಾ ಮೇಡಂ ಒಂದೊಂದೇ ಡಬ್ಬಿ ಯಂತ್ರದ ಬಾಯಿಗಿಡುತ್ತಾರೆ.
ಯಂತ್ರ ಕ್ಷಣ ಯೋಚಿಸಿ ಒಂದು ಸಂಖ್ಯೆ ಉಗುಳುತ್ತದೆ.
‘ಗಾಳಿ ತಂದು ಸುರಿದ ಒಣ ಮರಳು ಹೆಚ್ಚು ಮಾತಾಡುವುದಿಲ್ಲ.
ಮಳೆ ಬಿದ್ದು ಹುಲ್ಲು ಹತ್ತಿ
ಬೇರು ಉಸಿರಾಡಿದ ಕಾಲದಲ್ಲಿ ಮಾತ್ರ
ಮಣ್ಣು ಹೆರುತ್ತದೆ,
ಕಣ್ಣಿಗೆ ಕಾಣದಷ್ಟು ಸಣ್ಣ ಸೂಜಿಗಲ್ಲು.’
ಯಾವ ಮಳೆ ಮೇಡಂ, ಈ ಬೆಂಗಾಡಿಗೆ?
ಅವರು ಕಡಲಿನ ಕಡೆ ಕೈ ಮಾಡಿ
‘ಖರೀಫ್’ ಅಂದರು.

ಪಹಣಿಯಲ್ಲಿ, ಬೆಳೆವಿಮೆಯ ಚೀಟಿಯಲ್ಲಿ
ಅಪ್ಪ ಹೆಬ್ಬೆಟ್ಟು ಒತ್ತಿದ ಅದೇ ಶಬ್ದ.
ನಮ್ಮ ಮುಂಗಾರು
ಎಂಟೊಂಬತ್ತು ಸಾವಿರ ವರ್ಷದ ಹಿಂದೆ
ಇಲ್ಲಿಗೂ ಬಂದು ಹೋಗಿತ್ತಂತೆ,
ವಿಳಾಸ ಹೇಳದೆ.

ಮಂಗಳವಾರ, ಮೂರೂವರೆ ಮೀಟರಿನ ಆಳ.
ಯಂತ್ರ ಎಂದೂ ಹೇಳದ ಸಂಖ್ಯೆ ಹೇಳಿತು.
ಮೇಡಂ ಎದ್ದೇ ನಿಂತರು, ಮಸ್ಕತ್ತಿಗೆ ಫೋನು.
ಡ್ರೈವರ್ ಖಲ್ಫಾನ್ ಕಾವಾ ಬಗ್ಗಿಸಿದ.
ಇನ್ನೂರು ವರ್ಷ ಬಿಡದೆ ಹೊಡೆದ ಮಳೆ,
ಕೊರಡೆಲ್ಲ ಚಿಗುರಿ, ಜಿಂಕೆ ಹಿಂಡು ಬಂದು,
ನನ್ನ ಕಣ್ಣಲ್ಲಿ ಜೋಳ ಕೂಡ ತೆನೆ ಹಿರಿದಿತ್ತು.
ಇನ್ನೊಮ್ಮೆ ಇಟ್ಟರು. ಏನೂ ಇಲ್ಲ.
ಮತ್ತೊಮ್ಮೆ. ಇಲ್ಲ.
ಆಮೇಲೆ ಡಬ್ಬಿ ಬಿಟ್ಟು
ನನ್ನ ಕೈ ನೋಡಿದರು.

ನಡುಬೆರಳಲ್ಲಿ ಕುದುರೆ ಲಾಳದ ಉಂಗುರ.
ಸಾಡೇಸಾತಿಗೆಂದು ಅವ್ವ ಕಮ್ಮಾರನ ಮುಂದೆ ಕೂತು ಬಡಿಸಿದ್ದು.
ಏಳು ವರ್ಷದಿಂದ ಅದು ಕಬ್ಬಿಣವೆಂಬುದೇ ಮರೆತು
ಮೈಯಾಗಿತ್ತು.
ನನ್ನ ಶನಿ ಸುರಿಸಿದ ಸುಳ್ಳು ಮಳೆ!
ಮೇಡಂ ಬೈಯಲಿಲ್ಲ. ಪೆನ್ಸಿಲಿನ ಒಂದು ಗೀಟಿನಲ್ಲಿ
ಇನ್ನೂರು ವರ್ಷ ಅಳಿಸಿದರು.

ಗಂಟಿಗೆ ಸಿಕ್ಕಿದ್ದನ್ನು
ಖಲ್ಫಾನ್ ಆಡಿನ ತುಪ್ಪ ಸವರಿ ಜಾರಿಸಿದ.
ಬೆರಳಿಗೆ ಬಿಸಿಲು ಕಾಣದ ಒಂದು ಬಿಳಿ ಪದರ.
ಎಲ್ಲಿಡಲಿ ಇದನ್ನು?
ಅವನು ತೋರಿಸಿದ್ದು ಹೊರಗಿನ ಒಂಟಿ ಮರ. ಗಾಫ್, ಅಂದ.
ಹತ್ತಿರ ಹೋಗಿ ಎಲೆ ಹಿಚುಕಿ ನೋಡಿದೆ.
ಅಯ್ಯೋ, ಬನ್ನಿ!
ಕಬ್ಬಿಣ ಕಾಯುವುದು ಇದಕ್ಕೆ ಹೊಸದಲ್ಲ.
ಟೊಂಗೆಗೆ ಕಟ್ಟಿ ಕೈಮುಗಿದೆ.

ಬಾಣಂತಿಯ ದಿಂಬಿನಡಿ ಕುಡುಗೋಲು,
ಕತ್ತಲಲ್ಲಿ ಬುತ್ತಿಯ ಮೇಲೊಂದು ಇದ್ದಿಲು, ಒಂದು ಮೊಳೆ:
ಕಬ್ಬಿಣವಿದ್ದಲ್ಲಿ ಸತ್ತವರು ಸುಳಿಯುವುದಿಲ್ಲ, ಅವ್ವ ಹೇಳುತ್ತಿದ್ದಳು.
ಈಗ ಬೋಳು ಕೈಯಲ್ಲಿ ಒಳಗೆ ಬಂದು
ಮುಂದಿನ ಡಬ್ಬಿ ಎತ್ತಿಕೊಟ್ಟೆ.
ಯಂತ್ರ ಯೋಚಿಸಿತು.
ಸಣ್ಣ ಸಂಖ್ಯೆ. ಅದರ ಕೆಳಗಿನದು ಕೂದಲೆಳೆಯಷ್ಟು ಹೆಚ್ಚು.
ಅದರ ಕೆಳಗಿನದು ಇನ್ನೂ ಒಂದಿಷ್ಟು.
ಮೇಡಂ ಈ ಸಲ ಏಳಲಿಲ್ಲ, ಫೋನೂ ಇಲ್ಲ.
ಹೊರಗೆ ಗಾಳಿ ಎದ್ದಿತ್ತು,
ಟೊಂಗೆಗೆ ಉಂಗುರ ತಾಗುವ ಸದ್ದು.