ಎರಡೂ ಇರಲಿ

ತೊಟ್ಟಿಲಲ್ಲಿ ಕೂರಿಸಿ ಗುಂಡಿ ಒತ್ತಿದೆ.
ಅಂಗೈಯಗಲದ ಈ ಡಿಜಿಟಲ್ ಡೈರಿ
ಹಾಸನದ ಕೋಲ್ಡ್ ಸ್ಟೋರೇಜಿನಲ್ಲಿ
ಹನ್ನೊಂದು ವರ್ಷ ನನ್ನ ಜೇಬಲ್ಲಿ ನಡುಗಿದೆ;
ಕಡ್ಡಿ ಕಳೆದುಹೋಗಿ, ಈಗ ಬರೆಯುವುದು
ರೀಫಿಲ್ ಮುಗಿದ ಪೆನ್ನಿನಲ್ಲಿ.

ಮೇಜಿನ ಕಂಪ್ಯೂಟರ್ ಒಂದೊಂದೇ ಹೆಸರು ನುಂಗುತ್ತ
ದ್ಯಾವೀರಮ್ಮನ ಹತ್ತಿರ ನಿಂತಿತು:
ಇಲ್ಲಿ ನಲವತ್ತು ಮೂಟೆ ಆಲೂಗಡ್ಡೆ,
ಅಲ್ಲಿ ಮೂವತ್ತೆಂಟು.
ಯಾವುದು ಉಳಿಯಲಿ?

ಮೂವತ್ತೆಂಟು, ಗಂಡ ಆಫೀಸಿಗೆ ಬಂದು ಬರೆಸಿದ್ದು.
ನಲವತ್ತು, ಬಾಗಿಲ ತಣ್ಣನೆ ಆವಿಯಲ್ಲಿ ನಿಂತು
ಆಕೆ ಮೆಲ್ಲಗೆ ಹೇಳಿದ್ದು:
'ಆ ಎರಡು ನಂದು ಸ್ವಾಮಿ,
ಬಿತ್ತನೆ ಹೊತ್ಗೆ ನಾನೇ ಬತ್ತೀನಿ.'

ಎರಡೂ ಇರಲಿ ಅಂದೆ.
ಬೀಪ್ ಅಂತು.

ಈಗ ಪಟ್ಟಿಯಲ್ಲಿ ಇಬ್ಬರು ದ್ಯಾವೀರಮ್ಮಂದಿರು,
ಮೇಲೊಬ್ಬಳು, ಕೆಳಗೊಬ್ಬಳು.
ಕೆಳಗಿನವಳಿಗೆ ಎರಡು ಮೂಟೆ ಹೆಚ್ಚು.
ಅದರ ಬಾಡಿಗೆ
ಇನ್ನೂ ಯಾರ ಹೆಸರಿಗೂ ಬರೆದಿಲ್ಲ.