ಎಡಗೈ

ಡಿಸೆಂಬರ್ ಇಪ್ಪತ್ನಾಲ್ಕು. ಸಂಜೆ ಐದಾಗುವುದೇ ತಡ
ಬರತೊಡಗುತ್ತವೆ ಕೈಗಳು,
ಅಡಿಗೆಮನೆಯ ಟವೆಲು ಸುತ್ತಿಕೊಂಡು, ಒಂದರ ಹಿಂದೊಂದು.
ಎಲ್ಲ ಎಡಗೈಗಳೇ.
ಬಲಗೈ ಮಾಡಿದ್ದು, ಎಡಗೈ ಉಂಡದ್ದು.
ಬ್ರಿಟನಿಯ ಈ ದಂಡೆಯಲ್ಲಿ ಹಬ್ಬವೆಂದರೆ ಇಷ್ಟೇ:
ಡಜನ್ ಲೆಕ್ಕದಲ್ಲಿ ಸಿಂಪಿ, ಒಂದು ಗಿಡ್ಡ ಚಾಕು,
ನಿಂಬೆ, ಬಿಳಿ ವೈನು,
ಮತ್ತು ನನಗೇನೂ ಆಗುವುದಿಲ್ಲ ಎಂಬ
ಹುಟ್ಟಿನಿಂದ ಬಂದ ಬಂಡವಾಳ.

ಹೆಸರು? ವಯಸ್ಸು?
ಧನುರ್ವಾಯುವಿನ ಸೂಜಿ ಹಾಕಿಸಿಕೊಂಡದ್ದು ಯಾವಾಗ?
ಮಿಲಿಟರಿಯಲ್ಲಿದ್ದಾಗ ಇರಬೇಕು, ಎನ್ನುತ್ತಾನೆ ಗುಲ್ವೆನ್.
ಹೆಬ್ಬೆರಳ ಬುಡದಲ್ಲಿ ಸೀಳು,
ದಡಕ್ಕೆ ಬಿದ್ದ ಮೀನಿನ ಬಾಯಿಯಂತೆ
ತೆರೆದು ಮುಚ್ಚುತ್ತಿದೆ.
ಕೈಗವಸು ಇಲ್ಲವೇ?
ಇದೆಯಲ್ಲ, ಮಗಳು ತಂದದ್ದು, ಉಕ್ಕಿನೆಳೆಯದು.
ಎಲ್ಲಿ?
ಡಬ್ಬಿಯಲ್ಲಿ. ಇನ್ನೂ ಬಿಚ್ಚಿಲ್ಲ,
ಹಾಳಾದೀತೆಂದು.

ಮುಂದಿನವನು ವಿಮೆ ಕಂಪನಿಯ ತಾಂಗಿ,
ಊರಿನ ಅಪಾಯಗಳಿಗೆಲ್ಲ ಬೆಲೆ ಕಟ್ಟುವವನು.
ಚಾಕು ಸಿಗಲಿಲ್ಲವೆಂದು ಸ್ಕ್ರೂಡ್ರೈವರ್ ಹಿಡಿದಿದ್ದನಂತೆ.
ನಾನು ಹೊಲಿಯುತ್ತಿದ್ದರೆ
ಅವನ ಮಗಳು ಎನೋರಾ ಜೋರಾಗಿ ಎಣಿಸುತ್ತಾಳೆ:
ಒಂದು, ಎರಡು, ಮೂರು.
ನಾಲ್ಕಕ್ಕೆ ಮುಗಿಯಿತೆಂದರೆ ಅವಳ ಮುಖ ಸಪ್ಪಗೆ.
ಹೋಗುವಾಗ ಅವನು ನನ್ನ ಕಿವಿಯಲ್ಲಿ,
ಯಾರಿಗೂ ಹೇಳಬೇಡಿ.

ನನ್ನ ಗಂಡನೂ ಹೀಗೇ.
ಕುರ್ಚಿಯ ಮೇಲೆ ಸ್ಟೂಲಿಟ್ಟು ಬಲ್ಬು ಬದಲಿಸುವವನು.
ಇಪ್ಪತ್ತು ವರ್ಷ ಕೆಳಗೆ ಸ್ಟೂಲು ಹಿಡಿದು ನಿಂತವಳು ನಾನು.
ಅವನು ಬಿದ್ದದ್ದು ಒಂದೇ ಸಲ.
ನನ್ನ ಮೇಲೆ.
ಮುರಿದ ಪಕ್ಕೆಲುಬು ನನ್ನದು,
ಬೀಸೋ ದೊಣ್ಣೆ ತಪ್ಪಿ ಸಾವಿರ ವರ್ಷ ಆಯಸ್ಸು ಅವನದು.
ಮಲಗುವ ಮುನ್ನ ಗ್ಯಾಸಿನ ಕೀಲು ಮೂರು ಬಾರಿ ನೋಡುವ ನನಗೆ
ಪುಕ್ಕಲಿ ಎಂದು ಹೆಸರು.

ಒಂಬತ್ತೂವರೆಗೆ ಸ್ವಾಜಿಗ್ ಬಂದಳು.
ಎಂಬತ್ತೆರಡು ವರ್ಷ. ಅದರಲ್ಲಿ ನಲವತ್ತೆಂಟು
ಸಿಂಪಿಯ ಕೊಟ್ಟಿಗೆಯಲ್ಲಿ, ದಿನಕ್ಕೆ ಸಾವಿರ ಚಿಪ್ಪು.
ಅವಳ ಎಡ ಅಂಗೈಯ ಆಯುಷ್ಯರೇಖೆಯನ್ನು
ಏಳು ಕಡೆ ಕತ್ತರಿಸಿವೆ ಬಿಳಿಯ ಗೆರೆಗಳು.
ಕಡಲ ಪಕ್ಕವೇ ಬಾಳಿದರೂ ಈಜು ಕಲಿಯಲಿಲ್ಲ:
ಈಜು ಬಲ್ಲವರೇ ಅಲ್ಲವೇ ಮುಳುಗುವುದು?
ರೆನ್ ಪಟ್ಟಣದ ಮಗಳ ಮನೆಗೆ ಹೋದರೆ
ಲಿಫ್ಟಿಗೆ ಹೆದರಿ ಆರು ಮಹಡಿ ಹತ್ತುತ್ತಾಳೆ.

ಅವಳು ಚಾಚಿದ್ದು ಬಲಗೈ.
ಇವತ್ತಿನ ಒಂದೇ ಒಂದು ಬಲಗೈ.
ಮಗಳು ಆಣೆ ಹಾಕಿಸಿದ್ದಳಂತೆ,
ಈ ವರ್ಷ ಚಾಕು ಮುಟ್ಟಕೂಡದು.
ಸರಿ, ಅಪಾಯವೇ ಬೇಡವೆಂದು
ಬೂತಾಯಿಯ ಡಬ್ಬಿ ತೆರೆಯಲು ಹೋಗಿ
ಅದರ ತಗಡಿನ ಮುಚ್ಚಳ!
ನಕ್ಕಳು. ನಗುವಾಗ ರಕ್ತ ಹೆಚ್ಚು ಬರುತ್ತದೆ, ನಗಬೇಡ ಎಂದೆ.
ಇಬ್ಬರೂ ಇನ್ನಷ್ಟು ನಕ್ಕೆವು.

ಹೊಲಿಗೆ ಮುಗಿಯುವವರೆಗೂ ಅವಳದೇ ಮಾತು:
ಸಿಂಪಿಯಷ್ಟು ಜಾಗರೂಕ ಜೀವಿ ಇನ್ನೊಂದಿಲ್ಲ ಕಣೇ.
ನೆರಳು ಬಿದ್ದರೂ ಬಾಗಿಲು ಹಾಕುತ್ತದೆ.
ಕಲ್ಲಿನ ಮನೆ, ಒಳಗಿಂದ ಬೀಗ,
ಎಲ್ಲಿಗೂ ಹೋಗುವುದಿಲ್ಲ, ಯಾರನ್ನೂ ನಂಬುವುದಿಲ್ಲ.
ಆದರೂ ನೋಡು,
ಪ್ರತಿ ವರ್ಷ ಇದೇ ರಾತ್ರಿ
ತಟ್ಟೆಯ ಮೇಲೆ ಬಂದು ಕೂತಿರುತ್ತದೆ.

ಪಾಳಿ ಮುಗಿದಾಗ ಎರಡು ಗಂಟೆ.
ಬಂದರಿನ ಕಲ್ಲುಮೆಟ್ಟಿಲ ಮೇಲೆ ಮಂಜು ಗಾಜಾಗಿತ್ತು.
ಕಂಬಿ ಹಿಡಿಯಲಿಲ್ಲ ನಾನು,
ಹಿಡಿದರೆ ಕೈ ಕೊರೆಯುತ್ತದೆ.
ಮನೆಯಲ್ಲಿ ಎಲ್ಲರೂ ಮಲಗಿದ್ದಾರೆ.
ನನ್ನ ಪಾಲಿನದು ಒಂದು ಡಜನ್,
ಒದ್ದೆ ಪಾಚಿಯ ಮೇಲೆ, ಬಾಯಿ ಬಿಗಿದುಕೊಂಡು.

ಟವೆಲು ನಾಲ್ಕು ಮಡಿಕೆ ಮಾಡಿ ಎಡಗೈಗೆ ಸುತ್ತಿದೆ,
ಎಲ್ಲರಿಗೂ ಹೇಳಿಕೊಡುವ ಹಾಗೆಯೇ.
ಒಂದು, ಎರಡು. ಹತ್ತರ ತನಕ ಸರಿಹೋಯಿತು.
ಹತ್ತಕ್ಕೆ ಟವೆಲು ಜಾರಿ ನೆಲಕ್ಕೆ ಬಿತ್ತು.
ಬಗ್ಗಬೇಕು. ಸೊಂಟ ನೋಯುತ್ತದೆ.
ಚಾಕು ಹಿಡಿದವಳು ಹಾಗೇ ನಿಂತು
ಒಂದು ಗಳಿಗೆ ಅದನ್ನೇ ನೋಡಿದೆ.

ಉಳಿದದ್ದು ಎರಡೇ ತಾನೆ.